ಆನ್‌ಲೈನ್ ಕಲಿಕೆ, ಮೊಬೈಲ್ ಕಲಿಕೆ: ಎರಡೂ ಒಂದೇ ಅಲ್ಲ

2021ರ ಜೂನ್ ತಿಂಗಳು. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುರಿಯುವ ಮಳೆಯ ನಡುವೆ ರಸ್ತೆಬದಿಯಲ್ಲಿ ಕುಳಿತು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿಯೊಬ್ಬಳು ಮೊಬೈಲ್‌ನಲ್ಲಿ ಪಾಠ ಕೇಳುತ್ತಿದ್ದಳು. ತಂದೆ ಪಕ್ಕದಲ್ಲಿ ನಿಂತು ಮಗಳ ತಲೆಯ ಮೇಲೆ ಕೊಡೆ ಹಿಡಿದಿದ್ದರು. ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಆ ಛಾಯಾಚಿತ್ರ ದೇಶದ ಗಮನ ಸೆಳೆಯಿತು. ಆ ತಂದೆ-ಮಗಳ ಛಲವನ್ನು ಎಲ್ಲರೂ ಮೆಚ್ಚಿದರು.

ಆ ವಿದ್ಯಾರ್ಥಿನಿಯ ಕೈಯಲ್ಲಿ ಮೊಬೈಲ್ ಇದ್ದುದರಿಂದ ಅದನ್ನು ‘ಮೊಬೈಲ್ ಕಲಿಕೆ’ ಎಂದು ಕರೆದವರು ಅನೇಕರು. ಆದರೆ ಆಕೆ ಕೇಳುತ್ತಿದ್ದುದು ನಿಗದಿತ ಹೊತ್ತಿಗೆ ನಡೆಯುವ, ಅಂತರಜಾಲದ ನಿರಂತರ ಸಂಪರ್ಕವನ್ನು ಬೇಡುವ ಆನ್‌ಲೈನ್ ತರಗತಿ. ಅದನ್ನು ಅಂಗೈಯಗಲದ ಪರದೆಯಲ್ಲಿ ನೋಡುವ ಅನಿವಾರ್ಯ ಆಕೆಗೆ ಒದಗಿತ್ತು, ಅಷ್ಟೆ. ಆನ್‌ಲೈನ್ ಕಲಿಕೆ ಮತ್ತು ಮೊಬೈಲ್ ಕಲಿಕೆ ಒಂದೇ ಎಂದು ಭಾವಿಸಿದ್ದರ ಬೆಲೆಯನ್ನು ಕೊರೊನಾ ಕಾಲದಲ್ಲಿ ತೆತ್ತವರು ಹಳ್ಳಿಯ ಮಕ್ಕಳು. ಈ ಎರಡರ ನಡುವಿನ ವ್ಯತ್ಯಾಸವೇನು, ಯಾವುದು ಯಾರಿಗೆ ಸೂಕ್ತ ಎಂಬುದರ ವಿವರ ಇಲ್ಲಿದೆ.

ಪದಗಳ ಅರ್ಥವೇನು?

ಗಣಕಯಂತ್ರ, ದೂರದರ್ಶನ, ಉಪಗ್ರಹ, ಧ್ವನಿಮುದ್ರಿಕೆ ಮುಂತಾಗಿ ಯಾವುದೇ ವಿದ್ಯುನ್ಮಾನ ಸಾಧನದ ನೆರವಿನಿಂದ ನಡೆಯುವ ಕಲಿಕೆಗೆ ‘ಇ-ಕಲಿಕೆ’ ಎಂಬ ಸಾಮಾನ್ಯ ಹೆಸರಿದೆ. ಅದರಲ್ಲಿ ಅಂತರಜಾಲದ ಮೂಲಕ ನಡೆಯುವುದು ಆನ್‌ಲೈನ್ ಕಲಿಕೆ. ಇದರಲ್ಲಿಯೂ ಎರಡು ಬಗೆ. ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಒಂದೇ ಹೊತ್ತಿನಲ್ಲಿ ಎದುರಾಗುವ ನೇರ ತರಗತಿ ಮೊದಲನೆಯದು. ಮೊದಲೇ ಚಿತ್ರೀಕರಿಸಿದ ಪಾಠವನ್ನು ವಿದ್ಯಾರ್ಥಿ ತನಗೆ ಬಿಡುವಾದಾಗ ನೋಡುವುದು ಎರಡನೆಯದು.

ಮೊಬೈಲ್ ಕಲಿಕೆ ಎಂದರೆ ಕಲಿಯುವವನು ಇದ್ದಲ್ಲಿಯೇ, ಆತನ ಜೇಬಿನಲ್ಲಿರುವ ಸಾಧನಕ್ಕೆ ತಕ್ಕಂತೆ ರೂಪಿಸಿದ ಕಲಿಕೆ. ಇದಕ್ಕೆ ಅಂತರಜಾಲ ಬೇಕೇ ಬೇಕು ಎಂದಿಲ್ಲ. ಸಾಮಾನ್ಯ ಕರೆ, ಕಿರು ಸಂದೇಶ, ಗುಂಡಿ ಒತ್ತಿ ಕೇಳುವ ಧ್ವನಿಪಾಠ, ಒಮ್ಮೆ ಇಳಿಸಿಕೊಂಡು ಸಂಪರ್ಕವಿಲ್ಲದೆಯೂ ಬಳಸಬಹುದಾದ ಆ್ಯಪ್, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಇವೆಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಹೀಗಾಗಿ ಮೊಬೈಲ್ ಕಲಿಕೆಯ ಒಂದು ಭಾಗ ಮಾತ್ರ ಆನ್‌ಲೈನ್ ಕಲಿಕೆಯೊಂದಿಗೆ ಬೆರೆಯುತ್ತದೆ. ಉಳಿದ ಭಾಗ ಅದರ ಹೊರಗಿದೆ.

ಆನ್‌ಲೈನ್ ಕಲಿಕೆ ಬೆಳೆದ ಬಗೆ

ದೂರದ ಗುರುವಿನಿಂದ ಪಾಠ ಕೇಳುವುದು ಕರ್ನಾಟಕಕ್ಕೆ ಹೊಸದಲ್ಲ. ಶಿಕ್ಷಣಕ್ಕಾಗಿಯೇ ಮೀಸಲಾದ ‘ಎಜುಸ್ಯಾಟ್’ ಉಪಗ್ರಹವನ್ನು ಇಸ್ರೊ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿಸಿತು. ಅದರ ಸೇವೆಯನ್ನು ಆರಂಭದಲ್ಲಿಯೇ ಬಳಸಿಕೊಂಡ ಸಂಸ್ಥೆಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಈ ಉಪಗ್ರಹದ ಮೂಲಕ ಪಾಠಗಳು ತಲುಪಿದವು. 2010ರಲ್ಲಿ ಎಜುಸ್ಯಾಟ್ ನಿವೃತ್ತಿ ಹೊಂದಿತು.

ಉಪಗ್ರಹದ ಪಾಠಕ್ಕೆ ಶಾಲೆಯ ಕೊಠಡಿಗೇ ಬರಬೇಕಿತ್ತು. ಆ ಕಟ್ಟನ್ನು ಸಡಿಲಿಸಿದ್ದು ಅಂತರಜಾಲ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಮೂಲಕ ಎಂಜಿನಿಯರಿಂಗ್ ಉಪನ್ಯಾಸಗಳು ಯಾರು ಬೇಕಾದರೂ ನೋಡುವಂತೆ ಮುಕ್ತವಾದವು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಅಂತರಜಾಲದಲ್ಲಿ ಉಚಿತವಾಗಿ ನೀಡಿದ ಕೃತಕ ಬುದ್ಧಿಮತ್ತೆಯ ತರಗತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದರು. ಮರುವರ್ಷವೇ ಕೋರ್ಸೆರಾ, ಎಡ್‌ಎಕ್ಸ್ ಮುಂತಾದ ಸಂಸ್ಥೆಗಳು ತಲೆಯೆತ್ತಿದವು. ಭಾರತ ಸರ್ಕಾರದ ‘ಸ್ವಯಂ’ 2017ರ ಜುಲೈನಲ್ಲಿ ಉದ್ಘಾಟನೆಗೊಂಡಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ನಿಯಮಾವಳಿಯ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇ 40ರವರೆಗೆ ‘ಸ್ವಯಂ’ ಮೂಲಕ ಪೂರೈಸಲು ಕಾಲೇಜುಗಳು ಅವಕಾಶ ನೀಡಬಹುದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇವೆಲ್ಲವೂ ಮುಖ್ಯವಾಗಿ ಮೇಜಿನ ಮುಂದೆ ಕುಳಿತ, ದೊಡ್ಡ ಪರದೆಯುಳ್ಳ, ತಾನಾಗಿಯೇ ಓದುವ ಅಭ್ಯಾಸವಿರುವ ವಯಸ್ಕ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು.

ಮೊಬೈಲ್ ಕಲಿಕೆಯ ಹಾದಿ

ಮಗುವೊಂದು ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಪುಸ್ತಕದಂಥ ಗಣಕದ ಕಲ್ಪನೆಯನ್ನು ಅಮೆರಿಕದ ವಿಜ್ಞಾನಿ ಅಲನ್ ಕೇ 1972ರಷ್ಟು ಹಿಂದೆಯೇ ಮಂಡಿಸಿದ್ದರು. ‘ಡೈನಾಬುಕ್’ ಎಂದು ಅದಕ್ಕೆ ಅವರಿಟ್ಟ ಹೆಸರು. ಮೊಬೈಲ್ ಫೋನುಗಳು ವ್ಯಾಪಕವಾದ ಮೇಲೆ, 2002ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನಗಳ ಸರಣಿ ಆರಂಭವಾಯಿತು.

ಆದರೆ ಮೊಬೈಲ್ ಕಲಿಕೆಯ ನಿಜವಾದ ಪ್ರಯೋಗಶಾಲೆಯಾದದ್ದು ಏಷ್ಯಾ ಮತ್ತು ಆಫ್ರಿಕಾದ ಬಡ ದೇಶಗಳು. ನೆರೆಯ ಬಾಂಗ್ಲಾದೇಶದ ಉದಾಹರಣೆಯನ್ನೇ ನೋಡಬಹುದು. ಅಲ್ಲಿ 2009ರ ನವೆಂಬರ್‌ನಲ್ಲಿ ‘ಬಿಬಿಸಿ ಜನಾಲಾ’ ಎಂಬ ಸೇವೆ ಆರಂಭವಾಯಿತು. 3000 ಎಂಬ ಸಂಖ್ಯೆಗೆ ಕರೆ ಮಾಡಿದರೆ ಮೂರು ನಿಮಿಷದ ಇಂಗ್ಲಿಷ್ ಪಾಠ ಕೇಳಿಬರುತ್ತಿತ್ತು. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಅಂತರಜಾಲವೂ ಬೇಕಿರಲಿಲ್ಲ. ಮೊಬೈಲ್ ಕಂಪನಿಗಳು ಆ ಕರೆಗಳ ದರವನ್ನು ಇಳಿಸಿದ್ದವು. ಪಾಠ ಮೂರೇ ನಿಮಿಷದ್ದಾದುದರಿಂದ ಕೆಲಸದ ನಡುವಿನ ಬಿಡುವೂ ಅದಕ್ಕೆ ಸಾಕಾಗುತ್ತಿತ್ತು.

ಭಾರತದಲ್ಲಿ 2017ರ ಸೆಪ್ಟೆಂಬರ್ 5ರಂದು ಆರಂಭವಾದ ‘ದೀಕ್ಷಾ’ ವೇದಿಕೆ ಎರಡೂ ಬಗೆಯ ಕಲಿಕೆಯ ನಡುವಿನ ಸೇತುವೆ. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡನ್ನು ಮೊಬೈಲ್‌ನಿಂದ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ನೆಟ್‌ವರ್ಕ್ ಇರುವೆಡೆ ಇಳಿಸಿಕೊಂಡು ಇಲ್ಲದೆಡೆ ನೋಡಲೂಬಹುದು.

ವ್ಯತ್ಯಾಸ ಎಲ್ಲೆಲ್ಲಿ?

ಸಮಯ: ಆನ್‌ಲೈನ್ ತರಗತಿ ಶಾಲೆಯ ವೇಳಾಪಟ್ಟಿಯನ್ನೇ ಅನುಸರಿಸುತ್ತದೆ. 45 ನಿಮಿಷದ ಪಾಠವನ್ನು 45 ನಿಮಿಷವೇ ಕೇಳಬೇಕು. ಮೊಬೈಲ್‌ಗಾಗಿ ರೂಪಿಸಿದ ಪಾಠ ಮೂರರಿಂದ ಹತ್ತು ನಿಮಿಷದ ತುಣುಕುಗಳಲ್ಲಿರುತ್ತದೆ. ನಡುವೆ ಕರೆ ಬಂದರೂ, ಬಸ್ಸು ಬಂದರೂ ಬಿಟ್ಟಲ್ಲಿಂದ ಮುಂದುವರಿಸಬಹುದು.

ಪರದೆ: ಕಂಪ್ಯೂಟರ್ ಪರದೆಯಲ್ಲಿ ಸ್ಪಷ್ಟವಾಗಿ ಕಾಣುವ ಲೆಕ್ಕದ ಹಂತಗಳು, ಭೂಪಟ, ಕೋಷ್ಟಕ ಇವು ಫೋನಿನಲ್ಲಿ ಇರುವೆ ಸಾಲಿನಂತೆ ಕಾಣುತ್ತವೆ. ಶಿಕ್ಷಕರು ಕರಿಹಲಗೆಯ ಮೇಲೆ ಬರೆದುದನ್ನು ದೂರದಿಂದ ಚಿತ್ರೀಕರಿಸಿ ಕಳುಹಿಸಿದರೆ ಮಗುವಿಗೆ ಅದರಲ್ಲಿ ಓದಲು ಸಿಗುವುದು ಅಲ್ಪ. ದೀರ್ಘ ಪ್ರಬಂಧ ಬರೆಯುವುದು, ಗಣಕದ ಕ್ರಮವಿಧಿ ರಚನೆ ಮುಂತಾದ ಕೆಲಸಗಳಿಗೆ ಇಂದಿಗೂ ಕೀಲಿಮಣೆಯುಳ್ಳ ಕಂಪ್ಯೂಟರೇ ಅನುಕೂಲ.

ಡೇಟಾ: ಸೆಕೆಂಡಿಗೆ 500 ಕಿಲೊಬಿಟ್ ವೇಗದಲ್ಲಿ ಹರಿಯುವ ಸಾಧಾರಣ ಗುಣಮಟ್ಟದ ವಿಡಿಯೊ ತರಗತಿ 45 ನಿಮಿಷಕ್ಕೆ ಸುಮಾರು 170 ಎಂಬಿ ಡೇಟಾ ಬಳಸುತ್ತದೆ. ದಿನಕ್ಕೆ ನಾಲ್ಕು ತರಗತಿಗಳೆಂದರೆ ಸುಮಾರು 675 ಎಂಬಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ 1,350 ಎಂಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಬಹುತೇಕ ಇಲ್ಲಿಗೇ ಮುಗಿಯಿತು. ಅದೇ ಮೂರು ನಿಮಿಷದ ಧ್ವನಿಪಾಠವನ್ನು ಸೆಕೆಂಡಿಗೆ 24 ಕಿಲೊಬಿಟ್‌ನಲ್ಲಿ ಸಿದ್ಧಪಡಿಸಿದರೆ ಬೇಕಾಗುವುದು ಸುಮಾರು ಅರ್ಧ ಎಂಬಿ. ಹಣಕ್ಕಿಂತಲೂ ಇಲ್ಲಿ ಮುಖ್ಯವಾದುದು ನೆಟ್‌ವರ್ಕ್‌ನ ಬಲ. ನೇರ ವಿಡಿಯೊಗೆ ಸಂಪರ್ಕ ಒಂದೇ ಸಮನೆ ಇರಬೇಕು. ಸಣ್ಣ ಕಡತವಾದರೆ ಸಂಪರ್ಕ ಬಂದು ಹೋಗುವ ಮಧ್ಯೆಯೂ ಇಳಿದುಬಿಡುತ್ತದೆ.

ಭಾಷೆ: ಕಿರು ಸಂದೇಶದಲ್ಲಿ ಪಾಠ ಕಳುಹಿಸುವಾಗ ಕನ್ನಡಕ್ಕೊಂದು ವಿಶೇಷ ತೊಡಕಿದೆ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದಂಥ ಲಿಪಿಗಳಿಗೆ ಯೂನಿಕೋಡ್ ಬಳಸಬೇಕಾದುದರಿಂದ ಮಿತಿ 70ಕ್ಕೆ ಇಳಿಯುತ್ತದೆ. ಕಾಗುಣಿತ, ಒತ್ತಕ್ಷರಗಳೆಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ವಿದ್ಯಾರ್ಥಿ’ ಎಂಬ ಪದ ಹತ್ತು ಸಂಕೇತಗಳನ್ನು ನುಂಗುತ್ತದೆ. ಹೀಗಾಗಿ ಕನ್ನಡದ ಮೊಬೈಲ್ ಪಾಠಕ್ಕೆ ಬರಹಕ್ಕಿಂತ ಧ್ವನಿಯೇ ಹೆಚ್ಚು ಒಗ್ಗುತ್ತದೆ. ಆಕಾಶವಾಣಿಯ ‘ಕೇಳಿ ಕಲಿ’ ಕಾರ್ಯಕ್ರಮದ ಪರಂಪರೆ ಇರುವ ನಾಡಿಗೆ ಇದು ಅಪರಿಚಿತವೂ ಅಲ್ಲ.

ಒಡೆತನ: ಕಂಪ್ಯೂಟರ್ ಮನೆಯದು ಅಥವಾ ಸಂಸ್ಥೆಯದು. ಮೊಬೈಲ್ ವ್ಯಕ್ತಿಯದು. ಹಳ್ಳಿಯ ಮನೆಗಳಲ್ಲಿ ಆ ವ್ಯಕ್ತಿ ಸಾಮಾನ್ಯವಾಗಿ ತಂದೆ. ಬೆಳಿಗ್ಗೆ ತಂದೆ ಕೆಲಸಕ್ಕೆ ಹೊರಟರೆ ಫೋನೂ ಅವರೊಂದಿಗೆ ಹೊರಡುತ್ತದೆ. ಹತ್ತು ಗಂಟೆಯ ನೇರ ತರಗತಿ ಆ ಮಗುವಿಗೆ ಇಲ್ಲವಾಗುತ್ತದೆ. ರಾತ್ರಿ ಎಂಟಕ್ಕೆ ಕೇಳಬಹುದಾದ ಪಾಠವಾಗಿದ್ದರೆ ಅದೇ ಫೋನು ಆ ಮಗುವಿಗೂ ಒದಗುತ್ತದೆ.

ಅಂಕಿಅಂಶ ಏನನ್ನು ಹೇಳುತ್ತದೆ?

ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017-18ರಲ್ಲಿ ನಡೆಯಿತು. ಅದರ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದುದು ಶೇ 4.4ರಲ್ಲಿ ಮಾತ್ರ. ನಗರಗಳಲ್ಲಿ ಶೇ 23.4. ಅಂದರೆ ಕೊರೊನಾ ಬಂದಾಗ ಹಳ್ಳಿಯ ನೂರು ಮನೆಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಮನೆಗಳಿಗೆ ಆನ್‌ಲೈನ್ ಕಲಿಕೆಯ ಮೂಲ ಸಾಧನವೇ ಇರಲಿಲ್ಲ.

ಮೊಬೈಲ್‌ನ ಕಥೆ ಬೇರೆ. ಗ್ರಾಮೀಣ ಶಿಕ್ಷಣದ ವಾರ್ಷಿಕ ಸ್ಥಿತಿಗತಿ ವರದಿ ‘ಅಸರ್’ ಪ್ರಕಾರ ಶಾಲೆಗೆ ಹೋಗುವ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಪ್ರಮಾಣ 2018ರಲ್ಲಿ ಶೇ 36.5 ಇದ್ದದ್ದು 2020ರಲ್ಲಿ ಶೇ 61.8ಕ್ಕೆ ಏರಿತು. ಎರಡೇ ವರ್ಷದಲ್ಲಿ ಇಷ್ಟೊಂದು ಏರಿಕೆಗೆ ಶಾಲೆಗಳು ಮುಚ್ಚಿದ್ದೂ ಒಂದು ಕಾರಣ. ಮಕ್ಕಳ ಪಾಠಕ್ಕಾಗಿ ಸಾಲ ಮಾಡಿ ಫೋನ್ ಕೊಂಡ ಕುಟುಂಬಗಳು ನಮ್ಮ ಸುತ್ತಲೇ ಇವೆ.

ಆದರೆ ಸಾಧನ ಬಂದ ಮಾತ್ರಕ್ಕೆ ಕಲಿಕೆ ಬರುವುದಿಲ್ಲ. 2024ರ ‘ಅಸರ್’ ವರದಿಯ ಪ್ರಕಾರ 14ರಿಂದ 16 ವರ್ಷದ ಗ್ರಾಮೀಣ ಮಕ್ಕಳಲ್ಲಿ ಸಮೀಕ್ಷೆಯ ಹಿಂದಿನ ವಾರ ಸ್ಮಾರ್ಟ್‌ಫೋನನ್ನು ಕಲಿಕೆಗೆ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನ್ ಬಳಸಬಲ್ಲ ಮಕ್ಕಳಲ್ಲಿ ಸ್ವಂತ ಫೋನ್ ಇದ್ದ ಹುಡುಗರು ಶೇ 36.2, ಹುಡುಗಿಯರು ಶೇ 26.9. ಮನೆಯಲ್ಲಿ ಫೋನ್ ಯಾರ ಕೈಗೆ ಮೊದಲು ಸೇರುತ್ತದೆ ಎಂಬುದನ್ನು ಈ ಅಂತರವೇ ತಿಳಿಸುತ್ತದೆ.

ಫೋನಿನ ಬಳಕೆ ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು. ಕೇರಳದ ಕಾಲೇಜೊಂದರ ವಿದ್ಯಾರ್ಥಿನಿ ನಿಲಯದಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಕೆಗೆ ನಿರ್ಬಂಧವಿತ್ತು. ಅದನ್ನು ಒಪ್ಪದ ವಿದ್ಯಾರ್ಥಿನಿಯನ್ನು ನಿಲಯದಿಂದ ಹೊರಹಾಕಲಾಯಿತು. ಆಕೆ ಸಲ್ಲಿಸಿದ ಅರ್ಜಿಯ ಮೇಲೆ 2019ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತ ಕೇರಳ ಹೈಕೋರ್ಟ್, ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಆಕೆಯನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು.

ಕರ್ನಾಟಕದ ಅನುಭವ

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಎಳೆಯ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿರ್ಬಂಧಿಸಿತು. ಪೋಷಕರು ಕೆಲವರು ಸ್ವಾಗತಿಸಿದರು, ಕೆಲವರು ವಿರೋಧಿಸಿದರು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ನೀಡಿತು. ನಗರದ ಖಾಸಗಿ ಶಾಲೆಗಳಲ್ಲಿ ನೇರ ತರಗತಿಗಳು ಮುಂದುವರಿದವು. ಸರ್ಕಾರಿ ಶಾಲೆಯ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು, ಯೂಟ್ಯೂಬ್‌ನಲ್ಲಿ ‘ಮಕ್ಕಳ ವಾಣಿ’ ಪ್ರಸಾರವಾದವು.

ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಕಾರ್ಯಕ್ರಮ ಈ ಚರ್ಚೆಯಲ್ಲಿ ಬಹಳ ಮುಖ್ಯವಾದುದು. ಮಕ್ಕಳನ್ನು ಮೂರು ಕಾಲ್ಪನಿಕ ಕೊಠಡಿಗಳಾಗಿ ವಿಂಗಡಿಸುವ ಯೋಜನೆ ಅದರಲ್ಲಿತ್ತು. ಯಾವ ಸಾಧನವೂ ಇಲ್ಲದವರು, ಅಂತರಜಾಲವಿಲ್ಲದ ಸಾಮಾನ್ಯ ಮೊಬೈಲ್ ಇರುವವರು, ಅಂತರಜಾಲವುಳ್ಳ ಸ್ಮಾರ್ಟ್‌ಫೋನ್ ಅಥವಾ ಕಂಪ್ಯೂಟರ್ ಇರುವವರು ಎಂಬುದೇ ಆ ವಿಂಗಡಣೆ. ಶಿಕ್ಷಕರು ಊರಿಗೇ ಹೋಗಿ ದೇವಸ್ಥಾನದ ಜಗುಲಿ, ಸಮುದಾಯ ಭವನ, ಮರದ ನೆರಳಿನಲ್ಲಿ ಮಕ್ಕಳನ್ನು ಸೇರಿಸಿ ಮಾರ್ಗದರ್ಶನ ಮಾಡಿದರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಆರೋಗ್ಯದ ದೃಷ್ಟಿಯಿಂದ ಅದರ ಸರಿತಪ್ಪುಗಳೇನೇ ಇರಲಿ, ಮಗುವಿನ ಬಳಿ ಯಾವ ಸಾಧನವಿದೆ ಎಂದು ಮೊದಲು ಕೇಳಿ ಆಮೇಲೆ ಪಾಠದ ರೀತಿಯನ್ನು ನಿರ್ಧರಿಸುವ ಕ್ರಮ ಸರಿಯಾದುದಾಗಿತ್ತು. ನೇರ ಆನ್‌ಲೈನ್ ತರಗತಿಗಳು ಕೇಳದೆ ಬಿಟ್ಟ ಪ್ರಶ್ನೆ ಅದೇ.

ಕರೆಯ ಆಚೆ ಯಾರಿದ್ದಾರೆ?

ಸಾಧನ ಸರಿಹೊಂದಿತು ಎಂದಿಟ್ಟುಕೊಳ್ಳೋಣ. ಕಲಿಕೆ ನಡೆಯುತ್ತದೆಯೇ? ಈ ಪ್ರಶ್ನೆಗೆ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ನಡೆದ ಅಧ್ಯಯನವೊಂದು ಬೆಳಕು ಚೆಲ್ಲುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಅಲ್ಲಿನ 4,500ಕ್ಕೂ ಹೆಚ್ಚು ಕುಟುಂಬಗಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ವಾರಕ್ಕೊಮ್ಮೆ ಲೆಕ್ಕದ ಅಭ್ಯಾಸಗಳು ಕಿರು ಸಂದೇಶದಲ್ಲಿ ಹೋದವು. ಮತ್ತೊಂದು ಗುಂಪಿಗೆ ಸಂದೇಶದ ಜೊತೆಗೆ ಬೋಧಕರು ವಾರಕ್ಕೊಮ್ಮೆ ಸುಮಾರು ಇಪ್ಪತ್ತು ನಿಮಿಷ ಕರೆ ಮಾಡಿ ಪೋಷಕರು ಮತ್ತು ಮಗುವಿನೊಂದಿಗೆ ಲೆಕ್ಕ ಮಾಡಿಸಿದರು. ಮೂರನೆಯ ಗುಂಪಿಗೆ ಏನೂ ಇರಲಿಲ್ಲ. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬರೀ ಸಂದೇಶದಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಕರೆಯೂ ಸೇರಿದ ಗುಂಪಿನ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತ್ತು. ಆನಂತರ ಭಾರತ, ನೇಪಾಳ, ಫಿಲಿಪ್ಪೀನ್ಸ್, ಕೆನ್ಯಾ, ಉಗಾಂಡಾಗಳಲ್ಲಿ ನಡೆದ ಪ್ರಯೋಗಗಳಲ್ಲಿಯೂ ಫೋನ್ ಕರೆಯ ಪಾಠದಿಂದ ಲಾಭ ಕಂಡುಬಂದಿತು. ಸರ್ಕಾರಿ ಶಿಕ್ಷಕರೇ ಕರೆ ಮಾಡಿದಲ್ಲಿಯೂ ಫಲ ಕಡಿಮೆಯಾಗಲಿಲ್ಲ.

ಆನ್‌ಲೈನ್ ಕಲಿಕೆಯ ಕಡೆಯಿಂದಲೂ ಇದನ್ನೇ ಹೇಳುವ ಪುರಾವೆಯಿದೆ. ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳು ಎಡ್‌ಎಕ್ಸ್ ಮೂಲಕ ನೀಡಿದ ಮುಕ್ತ ಕೋರ್ಸುಗಳ ಬಗ್ಗೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, 2017-18ರಲ್ಲಿ ಸೇರಿದವರ ಪೈಕಿ ಕೊನೆಯವರೆಗೆ ಪೂರೈಸಿದವರು ಕೇವಲ ಶೇ 3.13. ಪಾಠ ಎಷ್ಟೇ ಉತ್ತಮವಿರಲಿ, ‘ನಿನ್ನೆ ಏಕೆ ಬರಲಿಲ್ಲ?’ ಎಂದು ಕೇಳುವವರಿಲ್ಲದಿದ್ದರೆ ಬಹುಪಾಲು ಜನ ನಡುವೆಯೇ ಕೈಬಿಡುತ್ತಾರೆ. ತಂತ್ರಜ್ಞಾನ ಶಿಕ್ಷಕರಿಗೆ ನೆರವಾಗಬೇಕೇ ಹೊರತು ಅವರ ಸ್ಥಾನವನ್ನು ಆಕ್ರಮಿಸಬಾರದು ಎಂದು ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿಯೂ ಎಚ್ಚರಿಸಿದೆ.

ಯಾರಿಗೆ ಯಾವುದು ಸೂಕ್ತ?

* ಪದವಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮತ್ತು ಉದ್ಯೋಗಸ್ಥರಿಗೆ ‘ಸ್ವಯಂ’, ಎನ್‌ಪಿಟಿಇಎಲ್‌ನಂಥ ಆನ್‌ಲೈನ್ ಕೋರ್ಸುಗಳು ಉಪಯುಕ್ತ. ಕಲಿಕೆ ಉಚಿತ, ಪ್ರಮಾಣಪತ್ರ ಬೇಕಿದ್ದಲ್ಲಿ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಇದಕ್ಕೆ ಸಾಧ್ಯವಾದಷ್ಟೂ ಕಾಲೇಜಿನ ಅಥವಾ ಗ್ರಂಥಾಲಯದ ಕಂಪ್ಯೂಟರ್ ಬಳಸುವುದು ಒಳಿತು.

* ಭಾಷೆಯ ಅಭ್ಯಾಸ, ಪದಸಂಪತ್ತು, ಮಗ್ಗಿ, ಪರೀಕ್ಷೆಯ ಪುನರ್ಮನನ ಇಂಥವುಗಳಿಗೆ ಮೊಬೈಲ್ ಸೂಕ್ತ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು.

* ಪ್ರಾಥಮಿಕ ಶಾಲೆಯ ಮಕ್ಕಳಿಗೆ ಎರಡೂ ಪೂರಕ ಮಾತ್ರ. ಫೋನನ್ನು ಮಗುವಿನ ಕೈಗೆ ಕೊಟ್ಟು ದೂರ ಹೋಗುವ ಬದಲು ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತು ಕೇಳಿಸುವುದು ಅಗತ್ಯ.

* ನೆಟ್‌ವರ್ಕ್ ದುರ್ಬಲವಿರುವ ಊರುಗಳಲ್ಲಿ ಪಾಠವನ್ನು ಮೊದಲೇ ಇಳಿಸಿಕೊಳ್ಳುವ ರೂಢಿ ಮಾಡಿಕೊಳ್ಳಬೇಕು. ಶಿಕ್ಷಕರು ಉದ್ದದ ವಿಡಿಯೊಗಿಂತ ಚಿಕ್ಕ ಧ್ವನಿಪಾಠ ಹಾಗೂ ಪುಸ್ತಕದ ಪುಟಸಂಖ್ಯೆಯನ್ನು ಕಳುಹಿಸಿದರೆ ಹೆಚ್ಚು ಮಕ್ಕಳನ್ನು ತಲುಪುತ್ತದೆ.

* ಒಂದೇ ಫೋನ್ ಇರುವ ಮನೆಯಲ್ಲಿ ಅದು ಯಾವ ಹೊತ್ತಿನಲ್ಲಿ ಯಾರಿಗೆ ಎಂಬುದನ್ನು ಮೊದಲೇ ನಿಗದಿ ಮಾಡುವುದು ಲೇಸು. ಹೆಣ್ಣುಮಕ್ಕಳ ಪಾಲು ಮನೆಗೆಲಸದ ನೆಪದಲ್ಲಿ ತಪ್ಪದಂತೆ ನೋಡಿಕೊಳ್ಳಬೇಕು.

ಮತ್ತೆ ಬರುವ ಮಳೆಗಾಲ

ಕೊರೊನಾ ಮುಗಿದ ಅಧ್ಯಾಯವೆಂದು ಈ ಚರ್ಚೆಯನ್ನು ಬದಿಗಿಡುವಂತಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಪ್ರತಿ ಮಳೆಗಾಲದಲ್ಲಿಯೂ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸುವುದು ಸಾಮಾನ್ಯ. ಮಳೆ ಜೋರಾದ ದಿನವೇ ವಿದ್ಯುತ್ ಹೋಗುತ್ತದೆ, ನೆಟ್‌ವರ್ಕ್ ಕೈಕೊಡುತ್ತದೆ. ಅಂಥ ದಿನ ನೇರ ಆನ್‌ಲೈನ್ ತರಗತಿಯನ್ನು ಏರ್ಪಡಿಸಿದರೆ ಅದು ಪೇಟೆಯ ಕೆಲವು ಮಕ್ಕಳಿಗೆ ಮಾತ್ರ ತರಗತಿಯಾದೀತು. ಅದೇ ದಿನ ಸಂಜೆ ತರಗತಿಯ ಶಿಕ್ಷಕರು ಹತ್ತು ಮಕ್ಕಳ ಮನೆಗೆ ಐದೈದು ನಿಮಿಷ ಕರೆ ಮಾಡಿ ‘ಪುಟ ಇಪ್ಪತ್ತೆರಡರ ಮೂರನೇ ಲೆಕ್ಕ ಮಾಡಿದೆಯಾ?’ ಎಂದು ವಿಚಾರಿಸಿದರೆ ಒಂದು ಗಂಟೆಯೊಳಗೆ ಹತ್ತೂ ಮನೆಗಳಿಗೆ ಶಾಲೆ ತಲುಪಿದಂತಾಗುತ್ತದೆ. ಅದಕ್ಕೆ ಗುಂಡಿ ಒತ್ತುವ ಹಳೆಯ ಫೋನಾದರೂ ನಡೆದೀತು.

ಸುಳ್ಯದ ಆ ವಿದ್ಯಾರ್ಥಿನಿ ಮಳೆಯಲ್ಲಿ ರಸ್ತೆಬದಿಗೆ ಬಂದು ಕುಳಿತದ್ದು ನೆಟ್‌ವರ್ಕ್ ಇರುವಲ್ಲಿಗೆ ತಾನೇ ಹೋಗಬೇಕಾಗಿದ್ದರಿಂದ. ಕಲಿಯುವವರು ಇರುವಲ್ಲಿಗೆ ಪಾಠವೇ ಬರಬೇಕು ಎಂಬುದು ಮೊಬೈಲ್ ಕಲಿಕೆಯ ಮೂಲ ಆಶಯ. ಮುಂದಿನ ಮಳೆ ರಜೆಯ ಮೊದಲು ಶಾಲೆಗಳು, ಶಿಕ್ಷಣ ಇಲಾಖೆ ಮತ್ತು ಪೋಷಕರು ಈ ಆಶಯವನ್ನು ನೆನಪಿನಲ್ಲಿಟ್ಟುಕೊಂಡು ಸಿದ್ಧತೆ ಮಾಡಿಕೊಳ್ಳುವುದು ಒಳ್ಳೆಯದು.